ಟಾಪಪ್ ಸಾಹೇಬರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಪಕ್ಕದ ಟೀ ಅಂಗಡಿಯಲ್ಲಿ, ಬೆಳಿಗ್ಗೆ ಹತ್ತರ ಮೇಲೆ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು ಸಿಕ್ಕಿಸಿಕೊಂಡು "ಸಕ್ಕರೆ ಹಾಕಬೇಡಪ್ಪಾ" ಎಂದು ಎರಡೆರಡು ಸಲ ಕೂಗುವವರೇ ನಮ್ಮ ಟಾಪಪ್ ಸಾಹೇಬರು. ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇದೇ ತಳಿಯವರು ಚನ್ನಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರಾಗಿ, ಕನಕಪುರದಲ್ಲಿ ಕೆಇಬಿ ಲೈನ್‌ಮನ್ ಆಗಿ, ಮಾಗಡಿಯಲ್ಲಿ ಸರ್ವೆಯರ್ ಆಗಿ ನಿವೃತ್ತರಾಗಿರುವುದುಂಟು. ಫೈಲು ಮಾತ್ರ ಎಲ್ಲರದೂ ಒಂದೇ.

ಸೇವೆಯಲ್ಲಿರುವ ತನಕ ಸಾಹೇಬರಿಗೆ ಸರ್ಕಾರಿ ನೌಕರರ ಆರೋಗ್ಯ ಯೋಜನೆ ಜ್ಯೋತಿ ಸಂಜೀವಿನಿ ಇತ್ತು. 2016ರ ಮೇ 31ರಂದು ಹಾರ ಬಂತು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಸಂಜೀವಿನಿ ಹೋಯಿತು. ಅಂದಿನಿಂದ ಅವರು ಆರೋಗ್ಯ ವಿಮೆ ಹುಡುಕುತ್ತಿದ್ದಾರೆ. ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳುವಿನ ಯೋಗ್ಯತೆ ಹೇಳುತ್ತಿದ್ದ ಮನುಷ್ಯ, ಈಗ ಪಾಲಿಸಿಯನ್ನೂ ಹಾಗೇ ಪರೀಕ್ಷೆ ಮಾಡುತ್ತಾರೆ. ಓದುವುದು ಕೊನೇ ಪುಟದಿಂದ. "ಮುಂದಿನ ಪುಟದಲ್ಲಿ ನಗೋ ಮುದುಕ ಮುದುಕಿ ಇರ್ತಾರೆ ಕಣಯ್ಯ. ಅವರು ಯಾಕೆ ನಗ್ತಾವ್ರೆ ಅಂತ ಕೊನೇ ಪುಟದಲ್ಲಿ ಗೊತ್ತಾಗುತ್ತೆ."

ಅವರ ಪಾಠ ಕೇಳಬೇಕು. ಅದರಲ್ಲಿ ಸುಳ್ಳಿಲ್ಲ.

"ಐದು ಲಕ್ಷದ ಪಾಲಿಸಿ, ರೂಮ್ ಬಾಡಿಗೆ ಒಂದು ಪರ್ಸೆಂಟ್ ಅಂತ ಬರೆದವ್ನೆ. ಅಂದ್ರೆ ದಿನಕ್ಕೆ ಐದು ಸಾವಿರ. ನೀನು ಮಗನ ಮಾತು ಕೇಳಿ ಬೆಂಗಳೂರಲ್ಲಿ ಹತ್ತು ಸಾವಿರದ ರೂಮಿಗೆ ಹೋದೆ ಅನ್ಕೋ. ಬಾಡಿಗೆ ಒಂದೇ ಅರ್ಧ ಕೊಡ್ತಾನೆ ಅಂತ ತಿಳ್ಕೊಂಡ್ಯಾ? ಡಾಕ್ಟ್ರ ಫೀಸು, ಆಪರೇಷನ್ ಥಿಯೇಟರು, ಎಲ್ಲಾ ಅರ್ಧ!"

ಟಾಪಪ್ಪಿಗೂ ಸೂಪರ್ ಟಾಪಪ್ಪಿಗೂ ಇರುವ ವ್ಯತ್ಯಾಸವನ್ನು ಅವರಷ್ಟು ಬಿಡಿಸಿ ಹೇಳುವವರನ್ನು ನಾನು ಕಂಡಿಲ್ಲ. "ಮೂರು ಲಕ್ಷದ ಮೇಲಿನ ಟಾಪಪ್ ಅಂದ್ರೆ ಒಂದೊಂದು ಸಲದ ಬಿಲ್ಲೂ ಮೂರು ದಾಟಬೇಕು. ವರ್ಷದಲ್ಲಿ ಎರಡು ಸಲ ಮಲಗಿದೆ, ಎರಡೆರಡು ಲಕ್ಷ ಆಯ್ತು. ಟಾಪಪ್ಪಿನವನು ನಿನ್ನ ಗುರುತೇ ಹಿಡಿಯಲ್ಲ. ಸೂಪರ್‌ನವನು ಎರಡನ್ನೂ ಕೂಡಿ, ಮೂರು ಕಳೆದು, ಮಿಕ್ಕ ಒಂದು ಲಕ್ಷ ಕೊಡ್ತಾನೆ." ಹೀಗೇ ಅವರಿಗೆ ಆ ಹೆಸರು ಬಂದದ್ದು. ಮನೆಯವರು ಮಾತ್ರ ಒಪ್ಪುವುದಿಲ್ಲ. "ರೀ, ಬುಡದಲ್ಲಿ ಒಂದು ಪಾಲಿಸಿ ಇಲ್ಲ. ಟಾಪು ಎಲ್ಲಿ ಕೂರಿಸ್ತೀರಿ?"

ಅವರ ಪಾಠ ಕೇಳಿ ಪಾಲಿಸಿ ಮಾಡಿಸಿದ ಚನ್ನಪಟ್ಟಣದ ನಿವೃತ್ತ ಕಂಡಕ್ಟರೊಬ್ಬರು ಸ್ಟೆಂಟ್ ಹಾಕಿಸಿಕೊಂಡು, ಬಿಲ್ಲು ಬಹುಪಾಲು ಕಂಪನಿಯೇ ಕಟ್ಟಿದ ಖುಷಿಗೆ ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಮನೆಗೆ ಬಂದರು. ಸಾಹೇಬರು ಹಣ್ಣು ಪಕ್ಕಕ್ಕಿಟ್ಟು ಬಿಲ್ ಕೇಳಿದರು. ಕನ್ನಡಕ ಏರಿಸಿ ಮೂರನೇ ಪುಟದಲ್ಲಿ ಬೆರಳು ಊರಿದರು.

"ನೋಡು, ಗ್ಲೌಸಿಗೆ ಕತ್ತರಿಸವ್ನೆ! ಇದಕ್ಕೇ ನಾನು ತಗೊಂಡಿಲ್ಲ."

ತಗೊಳ್ಳದೇ ಇರುವುದಕ್ಕೆ ಅವರಿಗೆ ಪ್ರತಿವರ್ಷವೂ ಹೊಸ ಕಾರಣವನ್ನು ಸರ್ಕಾರವೇ ಒದಗಿಸಿದೆ. ಮೊದಲಿನಿಂದ ಇರುವ ಬಿಪಿ, ಶುಗರಿಗೆ ನಾಲ್ಕು ವರ್ಷ ಕಾಯಬೇಕೆಂಬ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಮೂರಕ್ಕೆ ಇಳಿಸಿತು. "ಇನ್ನೂ ಇಳೀತದೆ, ತಾಳು" ಎಂದರು. ನಿವೃತ್ತರಾದ ದಿನವೇ ಮಾಡಿಸಿದ್ದರೆ ಹಳೆಯ ನಾಲ್ಕು ವರ್ಷವೂ 2020ಕ್ಕೇ ಮುಗಿದಿರುತ್ತಿತ್ತು. ಈ ಲೆಕ್ಕ ಅವರ ಫೈಲಿನಲ್ಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಪೂರ್ತಿ ಹೋದಾಗಲಂತೂ ಟೀ ಅಂಗಡಿಯಲ್ಲಿದ್ದವರಿಗೆಲ್ಲ ಅವರದೇ ಟೀ. "ಕಾದಿದ್ದಕ್ಕೆ ಉಳೀತೋ ಇಲ್ವೋ?" ಪಕ್ಕದಲ್ಲಿದ್ದ ಏಜೆಂಟ್ ಹುಡುಗ ಮೆಲ್ಲಗೆ, "ಉಳೀತು ಸಾರ್. ಅಷ್ಟರಲ್ಲಿ ವಯಸ್ಸಿಗೆ ಪ್ರೀಮಿಯಮ್ಮು ಡಬಲ್ ಆಯ್ತು" ಎಂದ. ಸಾಹೇಬರು ಅವನ ಟೀ ದುಡ್ಡು ಮಾತ್ರ ಕೊಡಲಿಲ್ಲ.

ಅದೇ ವರ್ಷ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತಲ್ಲ, ಊರಿನಲ್ಲಿ ಕೆಲವರು ಪಟಾಕಿ ಹೊಡೆದರು, ಕೆಲವರು ಬೈದರು. ಎರಡೂ ಮಾಡದೆ ಏಜೆಂಟಿಗೆ ಫೋನ್ ಮಾಡಿದವರು ಸಾಹೇಬರೊಬ್ಬರೇ. ಕೆಲವು ಕಂಪನಿಗಳು ಊರು ನೋಡಿ ಪ್ರೀಮಿಯಂ ಹಾಕುತ್ತವೆ. ದೊಡ್ಡ ಊರಿನವರಿಗೆ ಜಾಸ್ತಿ. "ವಿಳಾಸದಲ್ಲಿ ಬೆಂಗಳೂರು ಅಂತ ಬಂದ್ರೆ ನನ್ನನ್ನ ಯಾವ ಝೋನಿಗೆ ಹಾಕ್ತೀಯಪ್ಪಾ?"

ಅವರ ನಿಜವಾದ ಸಂಕಟ ಬೇರೆಯೇ ಇದೆ. 2024ರ ಅಕ್ಟೋಬರ್ 29ರಂದು ಪ್ರಧಾನಿಗಳು 70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ ಐದು ಲಕ್ಷದ ಆಯುಷ್ಮಾನ್ ಯೋಜನೆಗೆ ಚಾಲನೆ ಕೊಟ್ಟರು. ಸಾಹೇಬರಿಗೆ ಆಗ 70 ತುಂಬಿತ್ತು, ಆಧಾರಿನಲ್ಲಿ 68. ಹುಟ್ಟಿದ್ದು 1954ರಲ್ಲಿ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು, ಹುಡುಗನ ಮುಂದಿನ ಒಳ್ಳೆಯದಕ್ಕೇ, 1956ರ ಜೂನ್ 1 ಎಂದು ಬರೆದುಕೊಂಡಿದ್ದರು. ಅದರ ದೆಸೆಯಿಂದ ಎರಡು ವರ್ಷ ಹೆಚ್ಚಿಗೆ ಸಂಬಳ ತಿಂದವರು, ಈಗ ಆ ಪುಣ್ಯಾತ್ಮರನ್ನು ದಿನಾ ಬೈಯುತ್ತಾರೆ. ವಯಸ್ಸು ಕಮ್ಮಿಯಾಯಿತೆಂದು ಕೊರಗುವ ಮುದುಕರನ್ನು ಬೇರೆಲ್ಲೂ ನಾನು ನೋಡಿಲ್ಲ.

ಗಾಯದ ಮೇಲೆ ಬರೆ ಎಳೆಯಲು ಮಾಗಡಿ ಕಡೆಯ ಅವರ ಭಾಮೈದನಿದ್ದಾನೆ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ. ಯಶಸ್ವಿನಿ ಯೋಜನೆ 2022ರಲ್ಲಿ ಮತ್ತೆ ಶುರುವಾದಾಗ ಹಾಲಿನ ಸಂಘದ ಕಾರ್ಯದರ್ಶಿ ಕೇಳಿದ ತಕ್ಷಣ ನಾಲ್ಕು ಜನರ ಸಂಸಾರಕ್ಕೆ 500 ರೂಪಾಯಿ ಕಟ್ಟಿದ, ರಸೀತಿ ಜೇಬಿಗಿಟ್ಟ, ಹಸುವಿಗೆ ಹಿಂಡಿ ಇಡಲು ಹೋದ. ಐದು ಲಕ್ಷದವರೆಗೆ ಚಿಕಿತ್ಸೆ. ಕೊನೇ ಪುಟ ಓದಿಲ್ಲ. ಮೊದಲ ಪುಟವನ್ನೂ ಓದಿಲ್ಲ. ಹಬ್ಬಕ್ಕೆ ಬಂದಾಗ ಸಾಹೇಬರು ಪಟ್ಟಿಯಲ್ಲಿರುವ ಆಸ್ಪತ್ರೆ ಯಾವುವು, ಇಲ್ಲದ ಚಿಕಿತ್ಸೆ ಯಾವುವು ಎಂದು ಅವನನ್ನು ಒಂದು ಗಂಟೆ ಹೆದರಿಸಿದರು. "ಆಯ್ತು ಭಾವ" ಎಂದು ಅವನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ.

ಆದ್ದರಿಂದ, ಪೆನ್ಷನ್‌ದಾರ ಮಿತ್ರರೇ, ಪಾಲಿಸಿ ಮಾಡಿಸುವ ಯೋಚನೆಯಿದ್ದರೆ ದಯವಿಟ್ಟು ಸಾಹೇಬರನ್ನು ಕಂಡು ಬನ್ನಿ. ಶುಗರ್ ಇದ್ದರೆ ಮುಚ್ಚಿಡಬೇಡಿ ಎನ್ನುತ್ತಾರೆ, ಕೇಳಿ. ಕಣ್ಣಿನ ಪೊರೆಗೆ ಎಷ್ಟು ಕೊಡುತ್ತಾನೆ ನೋಡಿ ಎನ್ನುತ್ತಾರೆ, ನೋಡಿ. ಎಲ್ಲವನ್ನೂ ಬರೆದುಕೊಂಡು ಅದೇ ಸಂಜೆಯೊಳಗೆ ದುಡ್ಡು ಕಟ್ಟಿಬಿಡಿ. ಬೆಳಿಗ್ಗೆ ಸಿಕ್ಕರೆ ಬೇಡ ಎನ್ನುತ್ತಾರೆ. ಸರಿ ಬರದಿದ್ದರೆ ವಾಪಸು ಮಾಡಲು 30 ದಿನ ಅವಕಾಶವಿದೆ ಎಂದು ನನಗೆ ಹೇಳಿಕೊಟ್ಟವರೂ ಅವರೇ.