ಬೋರ್ಡು ಅಳೆಯುವ ಸಾಹೇಬರಿಗೆ, ಬೋರ್ಡಿಲ್ಲದ ಊರಿನಿಂದ

ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳಲ್ಲಿ ಬಾರು-ರೆಸ್ಟೋರೆಂಟುಗಳ ಬೋರ್ಡು ಅಳೆದು, ಲೈಸೆನ್ಸು ತಿರುವಿ ನೋಡುವ ಸಮಸ್ತ ಅಧಿಕಾರಿಗಳಿಗೆ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆ, ಗೋನೆಗಂಡ್ಲದಿಂದ ಒಬ್ಬ ಕನ್ನಡದವನ ನಮಸ್ಕಾರಗಳು.

ಇತ್ತ ನಾವು ಕ್ಷೇಮ. ಅತ್ತ ನೀವೂ ನಿಮ್ಮ ಅಳತೆಯ ಟೇಪೂ ಕ್ಷೇಮವೆಂದು ನಂಬಿದ್ದೇನೆ.

ಎಲ್ಲಿಯ ಗೋನೆಗಂಡ್ಲ, ಎಲ್ಲಿಯ ಬ್ರಿಗೇಡ್ ರಸ್ತೆ ಎಂದು ನೀವು ಹುಬ್ಬೇರಿಸಬಹುದು. ಸಂಬಂಧ ಇದೆ ಸ್ವಾಮಿ. 2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯವರು ಬೀದಿಗಿಳಿದು ಇಂಗ್ಲಿಷ್ ಬೋರ್ಡುಗಳನ್ನು ಕಿತ್ತರಲ್ಲ, ಆಮೇಲೆ ನೀವು ಶೇ 60ರಷ್ಟು ಜಾಗ ಕನ್ನಡಕ್ಕಿರಬೇಕು, 2024ರ ಫೆಬ್ರುವರಿ 28ರೊಳಗೆ ಬದಲಾಗಬೇಕು ಎಂದು ಗಡುವು ಕೊಟ್ಟಿರಲ್ಲ, ಆಗ ಏಣಿ ಹತ್ತಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ ಕೂಲಿಯವರಲ್ಲಿ ನಮ್ಮ ಕಡೆಯ ಹುಡುಗರೂ ಇದ್ದರು. ಮಳೆ ಕೈಕೊಟ್ಟ ವರ್ಷ ಆದೋನಿ, ಎಮ್ಮಿಗನೂರು ಸೀಮೆಯ ಹಳ್ಳಿಗಳಲ್ಲಿ ಮನೆಗೊಬ್ಬ ಮುದುಕ, ಬಾಗಿಲಿಗೊಂದು ಬೀಗ. ಒಂದು ಪಾಲು ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಇನ್ನೊಂದು ಪಾಲು ನಿಮ್ಮ ಬೆಂಗಳೂರಿಗೆ. ನಮ್ಮ ಓಣಿಯ ಹುಡುಗನೊಬ್ಬ ಹಾಗೆ ಬಂದು ಒಂದು ದೊಡ್ಡ ಬಾರಿನ ಬೋರ್ಡು ಏರಿಸಿದ. ಮನೆಯಲ್ಲಿ ಅವನದು ಕನ್ನಡ, ಕಲಿತಿದ್ದು ತೆಲುಗು ಶಾಲೆಯಲ್ಲಿ.

"ಬೋರ್ಡಿನ್ಯಾಗ ಏನು ಬರ್ದಿತ್ತೋ?" ಎಂದು ಕೇಳಿದೆ.

"ನಂಗೆಲ್ಲಿ ಓದಾಕ ಬರ್ತೈತಿ ಮಾಮಾ? ದೊಡ್ಡವು ಮ್ಯಾಲೆ ಇಡ್ರಿ, ಸಣ್ಣವು ಕೆಳಗ ಇಡ್ರಿ ಅಂದ್ರು. ಇಟ್ವಿ."

ನಿಮ್ಮ ಟೇಪು ಆ ಬೋರ್ಡಿಗೆ ನೂರಕ್ಕೆ ನೂರು ಕೊಟ್ಟಿರುತ್ತದೆ, ಅನುಮಾನವೇ ಇಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಆದೋನಿ, ಆಲೂರು ತಾಲ್ಲೂಕುಗಳನ್ನು ಆಂಧ್ರಕ್ಕೆ ಅಳೆದು ಕೊಟ್ಟಾಗಲೂ ಯಾರೋ ಹೀಗೇ ಶೇಕಡಾ ಲೆಕ್ಕ ಹಾಕಿದ್ದರು. ಅದು ಹಳೆಯ ಕತೆ, ಬಿಡಿ.

ನಾನು ಬರೆಯುತ್ತಿರುವುದು ನಿಮ್ಮನ್ನು ಹೊಗಳಲಿಕ್ಕೆ. ಅಳತೆಯ ವಿದ್ಯೆಯಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ ಎಂಬುದು 2017ರಲ್ಲೇ ನಮಗೆ ಗೊತ್ತಾಯಿತು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದು, ಹೆದ್ದಾರಿಗೆ ಅದು ಕಾಣಲೂ ಕೂಡದು, ಇಲ್ಲಿ ಮದ್ಯ ಸಿಗುತ್ತದೆ ಎಂಬ ಬೋರ್ಡು ಹೆದ್ದಾರಿಯಲ್ಲಿ ಇರಲೇ ಕೂಡದು ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೇಳಿತು. ಕುಡಿದು ಗಾಡಿ ಓಡಿಸಿ ಸಾಯುವವರನ್ನೂ ಸಾಯಿಸುವವರನ್ನೂ ತಡೆಯಲು ಬಂದ ಒಳ್ಳೆಯ ಆದೇಶ. ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ 220 ಮೀಟರ್ ಸಾಕು ಎಂದು ಮುಂದೆ ರಿಯಾಯಿತಿಯೂ ಬಂತು. ಸಣ್ಣ ಊರಿನ ಕುಡುಕ ಬೇಗ ಸುಧಾರಿಸಿಕೊಳ್ಳುತ್ತಾನೆ ಎಂದಿರಬೇಕು. 2017ರ ಜುಲೈ 1ರಂದು ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳಲ್ಲಿ ಬಾರು-ಪಬ್ಬುಗಳ ಬಾಗಿಲು ಬಿತ್ತು. ಬಾರನ್ನು ರಸ್ತೆಯಿಂದ ದೂರ ಒಯ್ಯುವುದು ಕಷ್ಟ. ಹಾಗಾಗಿ ನಗರದೊಳಗಿನ ಹೆದ್ದಾರಿಯೇ ಹೆದ್ದಾರಿಯಲ್ಲ ಎಂದು ಕಾಗದದ ಮೇಲೆ ಬರೆಯುವ ಓಡಾಟ ಶುರುವಾಯಿತು. ಅದೇ ತಿಂಗಳು ಚಂಡೀಗಢದ ಪ್ರಕರಣದಲ್ಲಿ, ನಗರಸಭೆಗಳ ವ್ಯಾಪ್ತಿಗೆ ಈ ನಿಷೇಧ ಬೇಕಿಲ್ಲ ಎಂದು ಕೋರ್ಟೂ ಹೇಳಿತು. ಡಾಂಬರು ಅದೇ, ಗುಂಡಿ ಅದೇ, ಗ್ಲಾಸು ಹಿಡಿದವನ ಕೈ ನಡುಕವೂ ಅದೇ. ರಸ್ತೆ ಮಾತ್ರ ಹೆದ್ದಾರಿಯ ಪಟ್ಟದಿಂದ ಇಳಿಯಿತು.

ಕೇರಳದವರು ಇನ್ನೂ ಒಂದು ಹೆಜ್ಜೆ ಮುಂದೆ. ಉತ್ತರ ಪರವೂರಿನ ಬಾರೊಂದು ತನ್ನ ಅಂಗಳದಲ್ಲಿ ಗೋಡೆ ಎಬ್ಬಿಸಿ, ಗಿರಾಕಿ ಚಕ್ರವ್ಯೂಹದ ಅಭಿಮನ್ಯುವಿನಂತೆ ಸುತ್ತಿ ಸುತ್ತಿ ಒಳಗೆ ಬರುವ ಹಾಗೆ ಮಾಡಿ, ನಡೆಯುವ ದೂರವನ್ನು 500 ಮೀಟರಿಗೆ ಏರಿಸಿತು. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ಒಳಗೆ ಹೋದದ್ದು ಸರಿ, ಕುಡಿದ ಮೇಲೆ ಗಿರಾಕಿ ಹೊರಗೆ ಹೇಗೆ ಬಂದನೋ ಅಭಿಮನ್ಯುವನ್ನೇ ಕೇಳಬೇಕು.

ಈಗ ನಮ್ಮ ಕಡೆಯ ಅಳತೆ ಕೇಳಿ. ನಮ್ಮಲ್ಲಿ ಇಲಾಖೆಯ ಹೆಸರೇ 'ಪ್ರೊಹಿಬಿಷನ್ ಅಂಡ್ ಎಕ್ಸೈಜ್'. ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಸುಂಕ. ಸರ್ಕಾರ ಬದಲಾದಾಗೆಲ್ಲ ಯಾವ ಕೈ ಮೇಲೆ ಎಂಬುದು ಬದಲಾಗುತ್ತದೆ. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ಪೊರಕೆ ಎತ್ತಿದರು. ಮರುವರ್ಷ ಸಾರಾಯಿ ನಿಂತಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಪೂರ್ತಿ ಪಾನನಿಷೇಧ ತಂದರು. 1997ರಲ್ಲಿ ಅದು ಹೋಯಿತು. ನಡುವಿನ ಎರಡು ವರ್ಷ ಹಬ್ಬ ಆಗಿದ್ದು ಗಡಿಯಾಚೆಯ ನಿಮ್ಮ ಅಂಗಡಿಗಳಿಗೆ.

2019ರ ಅಕ್ಟೋಬರ್ 1ರಿಂದ ಮದ್ಯದಂಗಡಿಗಳನ್ನು ಸರ್ಕಾರವೇ ನಡೆಸತೊಡಗಿತು. 4,380 ಅಂಗಡಿಗಳು 3,500ಕ್ಕೆ ಇಳಿದವು. ಅಂಗಡಿಗೆ ಅಂಟಿಕೊಂಡಿದ್ದ, ಕೂತು ಕುಡಿಯುವ ಪರ್ಮಿಟ್ ರೂಮುಗಳೆಲ್ಲ ರದ್ದು. ಪರ್ಮಿಟ್ ರೂಮು ಮುಚ್ಚಿದ ಮೇಲೆ ಇಡೀ ಊರೇ ಪರ್ಮಿಟ್ ರೂಮಾಯಿತು. ನಿಮ್ಮಲ್ಲಿ ರೂಫ್‌ಟಾಪು, ಲೇಕ್ ವ್ಯೂ ಎಂದು ಬೋರ್ಡು ಹಾಕಿ ಸಾವಿರಗಟ್ಟಲೆ ಬಿಲ್ಲು ಮಾಡುತ್ತಾರಂತೆ. ನಮಗೆ ಹಂದ್ರಿ ನದಿಯ ಗಾಜುಲದಿನ್ನೆ ಅಣೆಕಟ್ಟೆಯ ಏರಿಯೇ ಲೇಕ್ ವ್ಯೂ, ಶಾಲೆಯ ಜಗಲಿಯೇ ಫ್ಯಾಮಿಲಿ ಸೆಕ್ಷನ್ನು. ಬೆಳಿಗ್ಗೆ ಮಕ್ಕಳು ಬಂದು ಬಾಟಲಿ ಆರಿಸಿ, ಗುಜರಿಯವನಿಗೆ ಕೊಟ್ಟು, ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದವು. ಶಾಲೆ, ಗುಡಿ, ಆಸ್ಪತ್ರೆಗಳಿಂದ ಅಂಗಡಿ 100 ಮೀಟರ್ ದೂರ ಇರಬೇಕೆಂಬ ನಿಯಮವನ್ನು ಅಂಗಡಿ ಚಾಚೂ ತಪ್ಪದೆ ಪಾಲಿಸಿತು. ಗಿರಾಕಿಗೆ ಆ ನಿಯಮವನ್ನು ಯಾರೂ ಓದಿ ಹೇಳಿರಲಿಲ್ಲ.

2020ರ ಮೇನಲ್ಲಿ ಬೆಲೆ ಎರಡೇ ಏಟಿಗೆ ಶೇ 75 ಏರಿತು. ದುಬಾರಿಯಾದರೆ ಜನ ಕುಡಿಯುವುದು ಬಿಡುತ್ತಾರೆ ಎಂಬ ತರ್ಕ. ನಾವೂ ನಂಬಿದೆವು. ಕುಡಿಯುವವರು ಬಿಟ್ಟಿದ್ದು ಆಂಧ್ರದ ಅಂಗಡಿಯನ್ನು ಮಾತ್ರ. ಅಲ್ಲಿ ಬೂಂ ಬೂಂ, ಪ್ರೆಸಿಡೆಂಟ್ ಮೆಡಲ್ ಎಂದು ಕಂಡುಕೇಳದ ಹೆಸರುಗಳು; ಗಡಿಯಾಚೆ ಪರಿಚಯದ ಮಾಲು, ಅದೂ ಅಗ್ಗ. 167ನೇ ರಾಷ್ಟ್ರೀಯ ಹೆದ್ದಾರಿ ನೋಡಿ: ಬಳ್ಳಾರಿ ಬದಿಯ ಹಗರಿಯಿಂದ ಹೊರಟು ಆಲೂರು, ಆದೋನಿ, ಮಾಧವರಂ ದಾಟಿ ರಾಯಚೂರಿಗೆ ಹೋಗುತ್ತದೆ. ಇಷ್ಟು ದಾರಿಯ ಎರಡು ತುದಿಯಲ್ಲೂ ಕರ್ನಾಟಕ, ನಡುವೆ ಬಾಯಾರಿದ ನಾವು. 'ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ' ಎಂದು ಬರೆದ ಟೆಟ್ರಾ ಪ್ಯಾಕುಗಳು ಹಾಲಿನ ಕ್ಯಾನಿನಲ್ಲಿ, ಬೈಕಿನ ಸೀಟಿನಡಿ, ಹುಲ್ಲಿನ ಗಾಡಿಯಲ್ಲಿ ಬಂದವು. 1953ರಲ್ಲಿ ಕೈಬಿಟ್ಟ ಜನರನ್ನು ಕರ್ನಾಟಕ ಯಾವುದಾದರೂ ಇಲಾಖೆಯ ಮೂಲಕ ನೆನೆಸಿಕೊಂಡಿದ್ದರೆ ಅದು ಇದೊಂದೇ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಂಧ್ರದ ಹೈಕೋರ್ಟು ಒಬ್ಬ ಮನುಷ್ಯ ಹೊರರಾಜ್ಯದಿಂದ ಮೂರು ಬಾಟಲಿ ತರಬಹುದು ಎಂದಿತು. ಅಕ್ಟೋಬರಿನಲ್ಲಿ ಸರ್ಕಾರ ನಿಯಮ ತಿದ್ದಿ, ಪರ್ಮಿಟ್ ಇಲ್ಲದೆ ಒಂದೂ ಇಲ್ಲ ಎಂದಿತು. ಹಿಡಿದ ಬಾಟಲಿಗಳನ್ನು ಕರ್ನೂಲಿನಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದರು. ನಮ್ಮ ಓಣಿಯ ರಸ್ತೆಗೆ ಇಂದಿಗೂ ರೋಲರ್ ಬಂದಿಲ್ಲ.

2024ರಲ್ಲಿ ಮತ್ತೆ ಸರ್ಕಾರ ಬದಲಾಯಿತು, ಅಂಗಡಿ ಖಾಸಗಿಯವರಿಗೆ ಹೋಯಿತು. 3,396 ಅಂಗಡಿಗಳಿಗೆ ಲಾಟರಿ. ಅರ್ಜಿಗೆ 2 ಲಕ್ಷ ರೂಪಾಯಿ, ಅಂಗಡಿ ಸಿಗಲಿ ಬಿಡಲಿ ವಾಪಸ್ಸಿಲ್ಲ. ಬಂದ ಅರ್ಜಿ ಸುಮಾರು 90 ಸಾವಿರ. ಒಂದು ಬಾಟಲಿಯ ಮುಚ್ಚಳ ತೆರೆಯುವ ಮೊದಲೇ ಖಜಾನೆಗೆ 1,800 ಕೋಟಿಯ ಹತ್ತಿರ ಹತ್ತಿರ ಬಿತ್ತು. ಅಕ್ಟೋಬರ್ 16ರಿಂದ ಹೊಸ ಅಂಗಡಿಗಳು, ಹೊಸ ಬೋರ್ಡುಗಳು, ಬಡವನಿಗೆಂದು 99 ರೂಪಾಯಿಯ ಕ್ವಾರ್ಟರು.

ಆ ಕ್ವಾರ್ಟರು ನಮ್ಮ ಓಣಿಗೆ ಹೇಗೆ ತಲುಪುತ್ತದೆ ಎಂಬುದನ್ನು ನೀವು ನೋಡಬೇಕು. ಒಂದು ಕಿರಾಣಿ ಅಂಗಡಿ. ಮುಂದೆ ಶಾಂಪೂ ಪೊಟ್ಟಣಗಳ ಸರ, ಬಿಸ್ಕತ್ ಡಬ್ಬಿ, ಕೂಲ್‌ಡ್ರಿಂಕಿನ ಫ್ರಿಜ್ಜು. ಹಿಂದೆ ಹುಣಸೆಹಣ್ಣಿನ ಚೀಲ. ಚೀಲದ ಹಿಂದೆ ಸರ್ಕಾರದ ಆದಾಯ. ಸಂಜೆ ಒಬ್ಬ ಬಂದು ಹೇಳುತ್ತಾನೆ:

"ಅಕ್ಕಾ, ಒಂದು ತೊಂಬತ್ತೊಂಬತ್ತು ಕೊಡು."

ಅಕ್ಕ ಚೀಲ ಸರಿಸಿ, ಪೇಪರಿನಲ್ಲಿ ಸುತ್ತಿ ಕೊಡುತ್ತಾಳೆ. ಅವನು ನೂರರ ನೋಟು ಚಾಚುತ್ತಾನೆ. ಆಕೆ ನೋಟು ಮುಟ್ಟುವುದಿಲ್ಲ.

"ಇನ್ನ ಮೂವತ್ತು ಹಾಕು."

"ಹೆಸರೇ ತೊಂಬತ್ತೊಂಬತ್ತು ಐತಲ್ಲಕ್ಕಾ?"

"ಅದು ಅದರ ಹೆಸರೋ ಯಪ್ಪಾ, ರೇಟಲ್ಲ. ನಿನ್ನ ಹೆಸರು ರಾಜ ಅಂತ ನೀ ಏನ್ ರಾಜ ಆಗೀಯೇನು?"

ಇದಕ್ಕೆ ಬೆಲ್ಟ್ ಶಾಪ್ ಎನ್ನುತ್ತಾರೆ. ಇದಕ್ಕೆ ಬೋರ್ಡಿಲ್ಲ, ಹಾಗಾಗಿ ಶೇ 60ರ ಪ್ರಶ್ನೆಯಿಲ್ಲ. ಲೈಸೆನ್ಸಿಲ್ಲ, ಹಾಗಾಗಿ ರದ್ದಾಗುವ ಭಯವಿಲ್ಲ. ಶಾಲೆಗೆ ನೂರು ಮೀಟರ್ ಎಂಬುದೂ ಇದಕ್ಕಲ್ಲ, ಏಕೆಂದರೆ ಇಲ್ಲದ ಅಂಗಡಿಯಿಂದ ಟೇಪು ಹಿಡಿಯುವುದಾದರೂ ಹೇಗೆ? ಮುಚ್ಚುವ ವೇಳೆಯೂ ಇಲ್ಲ. ಮಧ್ಯರಾತ್ರಿ ಕಿಟಕಿ ತಟ್ಟಿದರೆ ಸಾಕು. ಕುಡಿದವನ ಹೆಂಡತಿ ಬೆಳಿಗ್ಗೆ ಅದೇ ಅಂಗಡಿಗೆ ಅಕ್ಕಿ ಸಾಲ ಕೇಳಲು ಬರುತ್ತಾಳೆ. ಎರಡೂ ಒಂದೇ ಲೆಕ್ಕದ ಪುಸ್ತಕದಲ್ಲಿ ಏರುತ್ತವೆ.

ಇಲ್ಲೊಂದು ಸೋಜಿಗವಿದೆ. ಹಿಂದಿನ ಸರ್ಕಾರ ತಾನು 43,000 ಬೆಲ್ಟ್ ಶಾಪುಗಳನ್ನು ತೆಗೆಸಿದೆ ಎಂದು ಹೇಳಿಕೊಂಡಿತ್ತು. ಬೋರ್ಡೂ ಇಲ್ಲದ, ಪರ್ಮಿಟ್ಟೂ ಇಲ್ಲದ ಅಂಗಡಿಗಳ ಲೆಕ್ಕ ಸಿಕ್ಕಿದ್ದು ಎಲ್ಲಿಂದ? ಎಣಿಸಲು ಬಂದಿತು ಎಂದರೆ ಎಲ್ಲಿವೆ ಎಂದು ಗೊತ್ತಿತ್ತು. ಗೊತ್ತಿದ್ದರೆ ಅಷ್ಟಾಗುವ ತನಕ ಬಿಟ್ಟಿದ್ದು ಯಾಕೆ? ಈಗಿನವರೂ ಗಟ್ಟಿಯಾಗಿಯೇ ಹೇಳಿದ್ದಾರೆ: ಬೆಲ್ಟ್ ಶಾಪಿಗೆ ಮಾಲು ಕೊಟ್ಟ ಲೈಸೆನ್ಸುದಾರನಿಗೆ ಮೊದಲ ಸಲ 5 ಲಕ್ಷ ದಂಡ, ಎರಡನೇ ಸಲ ಲೈಸೆನ್ಸು ರದ್ದು. ಹುಣಸೆಹಣ್ಣಿನ ಚೀಲ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಆದ್ದರಿಂದ ಬೆಂಗಳೂರಿನ ಸಾಹೇಬರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಒಮ್ಮೆ ಟೇಪು ಹಿಡಿದು ಬನ್ನಿ, ನಮ್ಮ ಬೆಲ್ಟ್ ಶಾಪಿಗೊಂದು ಬೋರ್ಡು ಹಾಕಿಸಿಕೊಡಿ. ಕನ್ನಡವೋ ತೆಲುಗೋ, ಶೇ 60ಕ್ಕೋ ಶೇ 40ಕ್ಕೋ ನಾವು ಜಗಳ ಆಡುವುದಿಲ್ಲ. ಒಂದೇ ಸಾಲು ಬರೆಸಿದರೆ ಸಾಕು: ಮಾಲು ಯಾವ ಲೈಸೆನ್ಸಿನ ಅಂಗಡಿಯಿಂದ ಬಂತು ಎಂದು. ಬೋರ್ಡು ಹಾಕಿದ ದಿನ ಇದು ಅಂಗಡಿ ಎಂದಾಗುತ್ತದೆ, ಅಂಗಡಿ ಎಂದಾದ ದಿನ ಮುಚ್ಚಲು ಯಾರಿಗಾದರೂ ಕೈ ಬರುತ್ತದೆ.

ನಿಮ್ಮ ಅಧಿಕಾರ ಗಡಿ ದಾಟುವುದಿಲ್ಲ ಎಂದು ಗೊತ್ತು. ದಾಟುವ ವಿದ್ಯೆ ಬಲ್ಲದ್ದು ನಿಮ್ಮ ಟೆಟ್ರಾ ಪ್ಯಾಕು ಮಾತ್ರ. ಹಾಗಾಗಿ ನಮ್ಮವರಿಗೂ ಒಂದು ಮಾತು ಇಲ್ಲೇ ಬರೆದುಬಿಡುತ್ತೇನೆ. ಪ್ರತಿ ಬಾಟಲಿಯ ಮುಚ್ಚಳದ ಮೇಲೆ ಹೋಲೋಗ್ರಾಂ ಅಂಟಿಸಿದ್ದೀರಿ. ಸ್ಕ್ಯಾನ್ ಮಾಡಿದರೆ ಮಾಲು ಬಂದ ದಾರಿ ಗೊತ್ತಾಗಲೆಂದೇ ಅದನ್ನು ಅಂಟಿಸಿದ್ದು. ಚೀಲದ ಹಿಂದಿನ ಒಂದು ಕ್ವಾರ್ಟರನ್ನು ಹಿಡಿದು ಸ್ಕ್ಯಾನ್ ಮಾಡಿ. ಅಕ್ಕನನ್ನು ಹಿಡಿಯಬೇಡಿ, ಅವಳು ಇಪ್ಪತ್ತು-ಮೂವತ್ತರ ಆಸೆಯವಳು. ಅವಳಿಗೆ ಪೆಟ್ಟಿಗೆ ಇಳಿಸಿ ಹೋದವನನ್ನು ಹಿಡಿಯಿರಿ.

ಇಂತಿ ನಿಮ್ಮ ವಿಧೇಯ,
ಗೋನೆಗಂಡ್ಲದ ಒಬ್ಬ ಕನ್ನಡದವನು

ಪ್ರತಿ: ಆಂಧ್ರದಲ್ಲಿ ಸಂಬಂಧಪಟ್ಟವರಿಗೆ, ಕ್ರಮಕ್ಕಾಗಿ. ಮಾಹಿತಿ ಅವರ ಬಳಿ ಮೊದಲೇ ಇದೆ.