ನಿರಾಮಿಷ ಆಮಿಷ

ಬೆಂಗಳೂರಿನಿಂದ ಊರಿಗೆ ಬರುವವರು ಸ್ವೀಟ್ ಬಾಕ್ಸ್ ತರುತ್ತಾರೆ. ನಮ್ಮ ಅಕ್ಕನ ಮಗ ಪ್ಲಾಸ್ಟಿಕ್ ಮೀನು ತಂದ.

ಹನ್ನೆರಡು ಮೀನು. ಬಂಗಾರದ ಬೆನ್ನು, ಉಬ್ಬಿದ ಕಣ್ಣು, ಮೂತಿಯ ಕೆಳಗೆ ಗಾಜಿನಂಥ ತುಟಿ, ಹೊಟ್ಟೆಯಡಿ ಮೂರು ಮೊನೆಯ ಎರಡು ಗಾಳ. ಒಂದರ ಬೆಲೆ 1,450 ರೂಪಾಯಿ. ಹನ್ನೆರಡಕ್ಕೆ 17,400. ಜೀವಂತ ಮೀನು ಕಿಲೊಗೆ ಎಷ್ಟು ಗೊತ್ತೇನಪ್ಪಾ ಎಂದೆ. "ನಾನು ಮೀನು ತಿನ್ನಲ್ಲ ಮಾಮಾ, ಪ್ಯೂರ್ ವೆಜ್" ಎಂದ.

ಆಗ ಒಂದು ಪದ ನೆನಪಾಯಿತು. ಆಮಿಷ ಎಂದರೆ ಸಂಸ್ಕೃತದಲ್ಲಿ ಮಾಂಸ. ಮಾಂಸ ಮುಟ್ಟದವರ ಊಟ ನಿರಾಮಿಷ. ಹಾಗಾದರೆ ಅಳಿಯನ ಪೆಟ್ಟಿಗೆಯಲ್ಲಿ ಇದ್ದದ್ದು ನಿರಾಮಿಷ ಆಮಿಷ. ತಿನ್ನದವನು, ತಿನ್ನಲು ಬಾರದ್ದನ್ನು ತೋರಿಸಿ, ಹಸಿದು ಬಂದದ್ದನ್ನು ಹಿಡಿಯುವ ಸಾಧನ.

ನಮ್ಮ ಕಡೆ ಹಿಂದೆ ಚುನಾವಣೆಯ ಆಮಿಷದಲ್ಲಾದರೂ ಮಾಂಸ ಇರುತ್ತಿತ್ತು. ಕುರಿ ಬೀಳುತ್ತಿತ್ತು. ಈಗ ಅದೂ ಪ್ಲಾಸ್ಟಿಕ್ ಆಗಿದೆ. ಬ್ಯಾನರಿನಲ್ಲಿ ಬರುತ್ತದೆ.

ಅಳಿಯ ಹುಸಿಮೀನು ತಂದದ್ದು ಎಳೆಯುವುದಕ್ಕೆ. ಸಾಗುವ ದೋಣಿಯ ಹಿಂದೆ ದಾರ ಬಿಟ್ಟು, ಅದರ ತುದಿಯಲ್ಲಿ ಹುಸಿಮೀನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮಲ್ಪೆಯ ಬೋಟುಗಳು ಬಲೆ ಎಳೆಯುವ ಟ್ರಾಲಿಂಗ್ ಬೇರೆ. ಮೊಬೈಲಿನಲ್ಲಿ ಕಂಡವರನ್ನು ಕೆಣಕುವ ಟ್ರೋಲ್ ಮಾತ್ರ ಇದರ ಹತ್ತಿರದ ಸಂಬಂಧಿ. ಎರಡರಲ್ಲೂ ದಾರ ಹಿಡಿದವನಿಗೆ ಹಸಿವಿರುವುದಿಲ್ಲ.

ನಾನು ವನದುರ್ಗದವನು. ಸುರಪುರದ ನಾಯಕರ ಕಾಲದ ದುರ್ಗ ಇನ್ನೂ ನಿಂತಿದೆ. ವನ ಎಲ್ಲಿ ಎಂದು ಕೇಳಬೇಡಿ. ನಮ್ಮ ಸೀಮೆಯ ನೀರು ಕೃಷ್ಣೆಗೆ ಕಟ್ಟಿದ, 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಹಿಡಿದು ಬರಬೇಕು. ಸರದಿಯ ಮೇಲೆ ಬಿಡುವ ವಾರಾಬಂದಿ ಲೆಕ್ಕದಲ್ಲಿ ಬರುತ್ತದೆ. ಕೊನೆಯ ಹೊಲ ಮುಟ್ಟುವ ಹೊತ್ತಿಗೆ ಲೆಕ್ಕ ಮಾತ್ರ ಉಳಿದಿರುತ್ತದೆ. ಇಂಥ ಊರಿಗೆ ಬಂದವನು ನೀರಾಟಕ್ಕೆಂದು ಆ ಅಣೆಕಟ್ಟಿನ ಬಸವಸಾಗರದ ಹಿನ್ನೀರಿಗೆ ಹೊರಟ. ಜೊತೆಗೆ ನಾನು. ಅಕ್ಕನ ಅಪ್ಪಣೆ.

ಸಿಕ್ಕಿದ್ದು ಹರಿಗೋಲು. ಬಿದಿರಿನ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ದುಂಡಗಿರುತ್ತದೆ. ಮುಂದಿಲ್ಲ, ಹಿಂದಿಲ್ಲ. ದೋಣಿಯ ಹಿಂದೆ ಎಳೆಯಬೇಕಾದದ್ದನ್ನು ಹಿಂದೇ ಇಲ್ಲದ ದೋಣಿಯಿಂದ ಎಳೆಯುವುದು ಹೇಗೆ ಎಂಬ ಪ್ರಶ್ನೆ ಅಳಿಯನಿಗೆ ಬರಲಿಲ್ಲ. ಅವನು ನೋಡಿದ ವಿಡಿಯೊದಲ್ಲಿ ಅದು ಇರಲಿಲ್ಲ.

ಅಂಬಿಗನೇನೋ ನೇರ ಒಯ್ಯುತ್ತಿದ್ದ. ಬಗ್ಗಿ ಕೂತು, ಮುಂದಿನ ನೀರನ್ನು ಹುಟ್ಟಿನಿಂದ ತನ್ನತ್ತ ಎಳೆದುಕೊಳ್ಳುತ್ತ ಹೋದರೆ ಹರಿಗೋಲು ಗೆರೆ ಎಳೆದ ಹಾಗೆ ಹೋಗುತ್ತದೆ. ಅಳಿಯ ಹುಟ್ಟು ಕಸಿದುಕೊಂಡ. ಪಕ್ಕಕ್ಕೆ ಹಾಕಿದ. ಬುಟ್ಟಿ ಬುಗುರಿಯಾಯಿತು. ದಾರ ಮೂವರಿಗೂ ಎರಡೆರಡು ಸುತ್ತು ಬಿತ್ತು. ಆ ದಿನ 1,450 ರೂಪಾಯಿಯ ಗಾಳಕ್ಕೆ ಬಿದ್ದ ಏಕೈಕ ಬೇಟೆ ನನ್ನ ಧೋತರ.

"ಸಾಹೇಬ್ರ, ಇದಕ ಯಾವ ಮೀನ ಬರ್ತದಂತ ಮಾಡೀರಿ?" ಎಂದು ಅಂಬಿಗ ಕೇಳಿದ. "ಕಾಟ್ಲಾ" ಎಂದ ಅಳಿಯ. ಅಂಬಿಗ ನಗಲಿಲ್ಲ. ದೊಡ್ಡ ಮನುಷ್ಯ.

ನಮ್ಮ ಕೆರೆಗಳಿಗೂ ಜಲಾಶಯಗಳಿಗೂ ಮೀನುಗಾರಿಕೆ ಇಲಾಖೆ ಬಿಡುವ ಮರಿ ಬಹುಪಾಲು ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ಮೇಲ್ನೀರಿನ ಕಣ್ಣಿಗೆ ಕಾಣದ ಹುಳ ಸೋಸಿ ತಿನ್ನುತ್ತದೆ. ರೋಹು ನಡುನೀರಿನಲ್ಲಿ ಪಾಚಿ ಮೇಯುತ್ತದೆ. ಮೃಗಾಲ್ ತಳದ ಕೊಳೆ ಕೆದಕುತ್ತದೆ. ಮೀನನ್ನು ನೋಡಿ ಮೀನು ಅಟ್ಟಿಸಿಕೊಂಡು ಬರಬೇಕಾದರೆ ಅದು ಮೀನು ತಿನ್ನುವ ಮೀನೇ ಆಗಿರಬೇಕು. ಇಲ್ಲಿ ಅಂಥದ್ದು ಬಾಳೆ ಮೀನು. ಅದೂ ಹೊತ್ತು ಮುಳುಗುವಾಗ. ಅಳಿಯ ಬಂದದ್ದು ಹನ್ನೊಂದು ಗಂಟೆಗೆ, ಸನ್‌ಸ್ಕ್ರೀನ್ ಹಚ್ಚಿಕೊಂಡು.

ಮೀನು ತಿನ್ನದ ಮೀನಿಗೆ ಮೀನು ತಿನ್ನದವನು ಒಡ್ಡಿದ ಪ್ಲಾಸ್ಟಿಕ್ ಮೀನು. ಮೀನು ತನ್ನ ವ್ರತ ಬಿಡಲಿಲ್ಲ.

ಹುಸಿಮೀನೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅಗ್ಗದ್ದನ್ನೇ ಕೊಳ್ಳಬೇಕು. ಹಿನ್ನೀರಿನ ತಳದಲ್ಲಿ ಮುಳುಗಿದ ಜಾಲಿ ಮರಗಳಿವೆ. ಅವು ಬೆಲೆ ನೋಡಿ ಕಚ್ಚುವುದಿಲ್ಲ. ಆ ದಿನ ಮೂರು ಹುಸಿಮೀನು ನುಂಗಿದವು. 4,350 ರೂಪಾಯಿ. ಜಾಲಿ ಮರ ಅಷ್ಟು ದುಬಾರಿ ಊಟ ಹಿಂದೆಂದೂ ಮಾಡಿರಲಿಕ್ಕಿಲ್ಲ.

ಮೈ ಅಗ್ಗದ್ದಿರಲಿ, ಗಾಳ ಅಗ್ಗದ್ದು ಬೇಡ. ಬಣ್ಣಕ್ಕೆ ದುಡ್ಡು ಸುರಿದು, ಮೀನಿನ ಭಾರ ಹೊರುವ ಕೊಂಡಿ, ಬಳೆ, ದಾರ ಹೊಸೆದುಕೊಳ್ಳದಂತೆ ತಡೆಯುವ ತಿರುಗುಣಿ, ಇವುಗಳಲ್ಲಿ ಉಳಿಸುವವನು ಮೂರ್ಖ. ನಾವು ರಸ್ತೆ ಕಟ್ಟುವುದೂ ಹೀಗೇ. ಉದ್ಘಾಟನೆಯ ಕಮಾನು ಗಟ್ಟಿ, ಮೋರಿ ಟೊಳ್ಳು.

ತುಟಿ ನೋಡಿ ಕೊಳ್ಳಬೇಕು. ಉದ್ದ ತುಟಿಯದು ಆಳಕ್ಕೆ ಇಳಿಯುತ್ತದೆ, ಗಿಡ್ಡ ತುಟಿಯದು ಮೇಲೇ ಓಡುತ್ತದೆ. ದೋಣಿಯ ಪಕ್ಕದಲ್ಲೇ ಒಮ್ಮೆ ಎಳೆದು ನೋಡಬೇಕು. ಹೊಯ್ದಾಡಿದರೆ ಸರಿ, ಮಗುಚಿಕೊಂಡರೆ ದಂಡ. ಆಮೇಲೆ ಇಪ್ಪತ್ತು ಮೂವತ್ತು ಮೀಟರ್ ದಾರ ಬಿಟ್ಟು, ಮನುಷ್ಯ ನಡೆಯುವ ವೇಗದಲ್ಲಿ ಎಳೆದರೆ ಸಾಕು. ತಿಳಿ ನೀರಿಗೆ ಬೆಳ್ಳಿ ಬಣ್ಣ, ಕದಡಿದ ನೀರಿಗೆ ಕಡುಬಣ್ಣ. ಕೃಷ್ಣೆಗೆ ಕೆಂಪು ಹೊಸನೀರು ಬಂದ ಮೇಲೆ ಯಾವ ಬಣ್ಣವೂ ಬೇಡ, ಮನೆಯಲ್ಲಿ ಇರಿ.

ಇವಿಷ್ಟು ತಿಳಿಯಲು 17,400 ರೂಪಾಯಿ ಬೇಕಿಲ್ಲ. ಅಂಬಿಗ ಇವನ್ನೆಲ್ಲ ಪುಕ್ಕಟೆ ಹೇಳಿದ. ಪುಕ್ಕಟೆ ಹೇಳಿದ್ದಕ್ಕೇ ಅಳಿಯ ಕೇಳಿಸಿಕೊಳ್ಳಲಿಲ್ಲ.

ಅವನ ಬ್ರಾಂಡಿನ ಚರಿತ್ರೆಯನ್ನಾದರೂ ಅವನು ಓದಬಹುದಿತ್ತು. ಇವತ್ತು ಲೋಕವೆಲ್ಲ ಕೊಳ್ಳುವ ರಪಾಲಾ ಹುಸಿಮೀನನ್ನು 1936ರಲ್ಲಿ ಮಾಡಿದವನು ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಪಾಲಾ. ಬೆಂಡು ಕೆತ್ತಿದ. ಚಾಕೊಲೇಟಿನ ಬೇಗಡೆ ಸುತ್ತಿದ. ಫೋಟೊ ನೆಗೆಟಿವ್ ಕರಗಿಸಿ ಮೇಲೆ ಬಳಿದ. ದೋಣಿಗೆ ತಾನೇ ಹುಟ್ಟು ಹಾಕಿದ. ಗಾಯಗೊಂಡು ಕುಂಟುತ್ತ ಈಜುವ ಮರಿಯನ್ನೇ ದೊಡ್ಡ ಮೀನು ಆರಿಸಿ ಹಿಡಿಯುತ್ತದೆ ಎಂಬುದನ್ನು ಅವನು ನೋಡಿದ್ದ. ಅಷ್ಟೇ ಅವನ ಬಂಡವಾಳ. ಬಡವನ ಕಸ ಬ್ರಾಂಡ್ ಆಯಿತು, ಬಡವನ ಕಣ್ಣು ಮಾತ್ರ ಪೆಟ್ಟಿಗೆಯಲ್ಲಿ ಬರಲಿಲ್ಲ.

ಹೊತ್ತು ಇಳಿಯಿತು. ಅಂಬಿಗ ಬುಟ್ಟಿಯ ಅಂಚಿನಿಂದ ತನ್ನ ಸಾಮಾನು ತೆಗೆದ. ಹಿಡಿಕೆ ಮುರಿದ ಸ್ಟೀಲ್ ಚಮಚ. ಎರಡು ತುದಿಗೂ ತೂತು. ಒಂದು ಕಡೆ ದಾರ, ಇನ್ನೊಂದು ಕಡೆ ಗಾಳ. ಚಮಚದ ಗುಣ ಹೊಸತೇನಲ್ಲ. ಅಮೆರಿಕದ ಜೂಲಿಯೊ ಬ್ಯುಯೆಲ್ ಎಂಬವನು ಇಂಥ ಚಮಚಕ್ಕೇ 1852ರಲ್ಲಿ ಪೇಟೆಂಟ್ ಪಡೆದಿದ್ದ. ನಮ್ಮವನು ಪೇಟೆಂಟ್ ಪಡೆಯಲಿಲ್ಲ, ಬಾಳೆ ಮೀನು ಹಿಡಿದ. ತೋಳುದ್ದದ್ದು.

"ಅಣ್ಣಾ, ಒಂದ್ ನಿಮಿಷ ಕೊಡ್ತೀರಾ?" ಎಂದು ಅಳಿಯ ಮೀನನ್ನು ಎತ್ತಿ ಹಿಡಿದ. ಫೋಟೊ ಆಯಿತು. ರಾತ್ರಿ ಅದು ಮೊಬೈಲಿನಲ್ಲಿ ಮೆರೆಯಿತು. ಕೆಳಗೆ "ಕ್ಯಾಚ್ ಅಂಡ್ ರಿಲೀಸ್" ಎಂದು ಬರೆದಿದ್ದ. ಹಿಡಿದವನು ಅಂಬಿಗ. ಅವನು ಅದನ್ನು ಬಿಡಲಿಲ್ಲ, ಮಾರಿದ. ಅಳಿಯ ನೀರಿಗೆ ನಿಜವಾಗಿ ಬಿಟ್ಟದ್ದು ಮೂರು ಪ್ಲಾಸ್ಟಿಕ್ ಮೀನು ಮತ್ತು ನೂರು ಮೀಟರ್ ನೈಲಾನ್ ದಾರ.

ಹೊಟ್ಟೆಗೆ ಮೀನು ಹಿಡಿಯುವವನಿಗೆ ಜಲಾಶಯದಲ್ಲಿ ಪರವಾನಗಿ ಬೇಕು. ಫೋಟೊಗೆ ಹಿಡಿಯಲು ಬಂದವನನ್ನು ಅವತ್ತು ಯಾರೂ ಏನೂ ಕೇಳಲಿಲ್ಲ. ಅಂಬಿಗ ದಿನಕ್ಕೆ 300 ಕೇಳಿದ್ದ. ಅಳಿಯ 250ಕ್ಕೆ ಇಳಿಸಿದ. ಜಾಲಿ ಮರಕ್ಕೆ 4,350 ಕೊಟ್ಟವನು ಮನುಷ್ಯನ ಹತ್ತಿರ 50 ಉಳಿಸಿದ. ಜಾಣ.

ದಡ ಮುಟ್ಟುವಾಗ ಲೈಫ್ ಜಾಕೆಟ್ ಎಲ್ಲಿ ಎಂದು ಅಂಬಿಗನನ್ನು ಕೇಳಿದೆ. ಮೊದಲೇ ಕೇಳಬೇಕಿತ್ತು, ನನಗೂ ಬುದ್ಧಿ ತಡ. ಅವನು ಕಾಲ ಬಳಿಯ ಒಣ ಸೋರೆಬುರುಡೆ ತೋರಿಸಿದ. "ಇದ ಅದ ನೋಡ್ರಿ ಅಣ್ಣಾರ."

ಆ ಬುರುಡೆಯನ್ನು ನೋಡಿ ನಗಬೇಡಿ. 2014ರ ಮಳೆಗಾಲದಲ್ಲಿ, ಇದೇ ಕೃಷ್ಣೆಯಲ್ಲಿ, ಅಣೆಕಟ್ಟಿನ ಕೆಳಗೆ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಸೋರೆಬುರುಡೆ ಕಟ್ಟಿಕೊಂಡು ಪ್ರವಾಹ ಈಜಿ ದಾಟಿದಳು. ಹೆರಿಗೆಗೆ ಆಸ್ಪತ್ರೆ ಈ ದಡದಲ್ಲಿತ್ತು, ಅವಳು ನಡುಗಡ್ಡೆಯಲ್ಲಿದ್ದಳು, ನಡುವೆ ಸೇತುವೆ ಇರಲಿಲ್ಲ. ಸೇತುವೆಯ ಮಾತು ಮಾತ್ರ ಇತ್ತು. ನಡುಗಡ್ಡೆಯವರ ಕಣ್ಣ ಮುಂದೆ ಅದನ್ನು ವರ್ಷಗಟ್ಟಲೆ ಎಳೆದಾಡಿದ್ದರು. ಹೊಳೆಯುತ್ತಿತ್ತು, ಹೊಯ್ದಾಡುತ್ತಿತ್ತು, ಕೈಗೆ ಸಿಗದಷ್ಟೇ ದೂರದಲ್ಲಿತ್ತು. ಪಕ್ಕಾ ಟ್ರೋಲಿಂಗ್.

ಪ್ರತಿ ಜನವರಿ 21ಕ್ಕೆ ನಿಜಶರಣ ಅಂಬಿಗರ ಚೌಡಯ್ಯನವರ ಜಯಂತಿ. ಭಾವಚಿತ್ರ, ಡೊಳ್ಳು, ಮೆರವಣಿಗೆ, ಭಾಷಣ. 12ನೇ ಶತಮಾನದ ಆ ಅಂಬಿಗ ಅಂಕಿತಕ್ಕೆ ದೇವರ ಹೆಸರನ್ನು ಇಡಲಿಲ್ಲ, ತನ್ನ ಹೆಸರನ್ನೇ ಇಟ್ಟ. ಡಾಂಭಿಕರನ್ನು ನೇರವಾಗಿ ಝಾಡಿಸಿದ. ಅದನ್ನೇ ಹೊಗಳಿ ಹಾರ ಹಾಕಿಸಿಕೊಂಡು ವೇದಿಕೆ ಇಳಿಯುವವರು, ಮುಂದಿನ ಸಾಲಿನಲ್ಲಿ ಕೂತ ಅಂಬಿಗನ ಹರಿಗೋಲಿಗೆ ಈ ವರ್ಷ ಡಾಂಬರು ಬಿತ್ತೇ ಎಂದು ಕೇಳುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಏನಾಗುತ್ತಾನೆ ಎಂಬ ಗಾದೆ ನಿಮಗೂ ಗೊತ್ತು. ಅಚ್ಚು ಹಾಕುವಂಥ ಮಾತಲ್ಲ, ಆದರೆ ಸುಳ್ಳೂ ಅಲ್ಲ.

ಇಷ್ಟು ಹೇಳಿದರೂ ಹುಸಿಮೀನು ಎಳೆಯುವ ಚಟ ಬಿಡದಿದ್ದರೆ ಎಳೆಯಿರಿ. ಅಡುಗೆಮನೆಯಲ್ಲಿ ಹಿಡಿಕೆ ಮುರಿದ ಚಮಚ ಒಂದಿದ್ದೇ ಇರುತ್ತದೆ. ಒಳ್ಳೆಯ ಗಾಳ, ಒಂದು ತಿರುಗುಣಿ ಕೊಳ್ಳಿ. ಉಳಿದ ದುಡ್ಡಿಗೆ ಎರಡು ಲೈಫ್ ಜಾಕೆಟ್ ಬರುತ್ತವೆ. ಒಂದು ಅಂಬಿಗನಿಗೆ, ಒಂದು ನಿಮಗೆ.

ಅವನು ಕೇಳಿದ 300ನ್ನು 300 ಆಗಿಯೇ ಕೊಡಿ.