ಸಹಕಾರ, ಸಾವಕಾರ

ಗದಗಿನ ಮುಳಗುಂದ ನಾಕಾ ಹತ್ತಿರ ‘ಎರಡು ಬೆಡ್‌ರೂಮಿನ ಫ್ಲಾಟ್ ಬಾಡಿಗೆಗಿದೆ’ ಎಂಬ ಬೋರ್ಡು ಕಂಡು ಒಳಗೆ ಹೋದೆ.

“ಯಾವೂರ್ರೀ?”

“ಇಲ್ಲೇ ಕಣಗಿನಹಾಳ್ರೀ.”

“ಓಹೋ! 1905ರಾಗ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಊರು! ಭಾಳ ಸಂತೋಷ. ಬಾಡಿಗಿ 10 ಸಾವಿರ, ಡಿಪಾಜಿಟ್ 1 ಲಕ್ಷ.”

“ಸ್ವಲ್ಪ ಸಹಕಾರ ಮಾಡ್ರೀ ಯಜಮಾನ್ರ.”

“ಸಹಕಾರ ನಿಮ್ಮೂರಿಂದು, ಮನಿ ನಂದು. ಕರಾರು 11 ತಿಂಗಳದ್ದು.”

“12 ಯಾಕಿಲ್ರೀ?”

“ವರ್ಷ ದಾಟಿದ್ರ ನೋಂದಣಿ ಮಾಡಿಸ್ಬೇಕು. ಸರ್ಕಾರಕ್ಕ ಯಾಕ ಸುಮ್ನ ತ್ರಾಸು?”

ನಳ ತಿರುವಿದೆ. ಮೊದಲು ಕೆಮ್ಮಿತು, ಆಮೇಲೆ ಒಂದು ಜೇಡ ಹೊರಗೆ ಬಂತು.

“ನೀರ್ರೀ?”

“ಬರ್ತಾವಲ್ರೀ, ಬಂದ ದಿನ.”

“ಪ್ಯಾಟಿ ಸಮೀಪ ಐತೇನ್ರೀ?”

“ಕಿಟಕಿ ತಗೀರಿ.”

ತೆಗೆದೆ. ಬಸ್ಸಿನ ಹಾರ್ನು, ಮಿರ್ಚಿ ಕರಿಯುವ ವಾಸನೆ ಒಟ್ಟಿಗೇ ನುಗ್ಗಿದವು. ವಾಸನೆಗೆ ಬಾಡಿಗೆ ಹಾಕಿಲ್ಲ, ಅಷ್ಟೇ ಪುಣ್ಯ.

“ಡಿಪಾಜಿಟ್‌ಗೆ ಸಾಲ ಮಾಡಬೇಕಾಗ್ತೈತ್ರೀ.”

“ಮಾಡ್ರಲ್ಲ! ಸಾವಕಾರರ ಕೈಯಿಂದ ರೈತರನ್ನ ಬಿಡಿಸಿದ ಸಂಘ ನಿಮ್ಮೂರಾಗನ ಐತಿ.”

“ಅಲ್ಲಿ ಬಿತ್ತಾಕ ಸಾಲ ಕೊಡ್ತಾರ್ರೀ.”

“ಹಂಗಾರ ಟೆರೇಸ್ ಮ್ಯಾಲ ಏನಾರ ಬಿತ್ರಿ. ಅದರ ಬಾಡಿಗಿ ಬ್ಯಾರೆ.”